ಸತ್ತ ಮೇಷ್ಟ್ರು ಪಾಠ ಮಾಡಿದ ಕಥೆ

2021ರ ಜನವರಿ ತಿಂಗಳು. ಕೆನಡಾದ ಮಾಂಟ್ರಿಯಲ್ ನಗರದ ಕಾಂಕಾರ್ಡಿಯಾ ವಿಶ್ವವಿದ್ಯಾಲಯ. ಕೊರೊನಾ ಕಾಲ, ಕ್ಲಾಸುಗಳೆಲ್ಲ ಆನ್‌ಲೈನ್. ಅಲ್ಲಿನ ಒಬ್ಬ ವಿದ್ಯಾರ್ಥಿ ಕೆನಡಾದ ಕಲಾ ಇತಿಹಾಸದ ಕೋರ್ಸ್ ತಗೊಂಡಿದ್ದ. ಪರದೆಯ ಮೇಲೆ ಬರುತ್ತಿದ್ದ ಮೇಷ್ಟ್ರು ವಯಸ್ಸಾದವರು. ಪಾಠ ಹಿಡಿಸಿತು. ಇವರಿಗೊಂದು ಮೇಲ್ ಹಾಕೋಣ ಅಂತ ಅವರ ಹೆಸರು ಕೊಟ್ಟು ಇಂಟರ್‌ನೆಟ್‌ನಲ್ಲಿ ಹುಡುಕಿದ. ಸಿಕ್ಕಿದ್ದು ಮೇಲ್ ಐಡಿ ಅಲ್ಲ, ಶ್ರದ್ಧಾಂಜಲಿ!

ಮೇಷ್ಟ್ರ ಹೆಸರು ಫ್ರಾನ್ಸ್ವಾ-ಮಾರ್ಕ್ ಗಾನ್ಯೋಂ. ಹೆಸರಾಂತ ಕಲಾ ಇತಿಹಾಸಕಾರ. ತೀರಿಕೊಂಡಿದ್ದು 2019ರಲ್ಲಿ. ಅಂದರೆ ಆ ಹುಡುಗ ವಾರ ವಾರ ಕೂತು ಕೇಳುತ್ತಿದ್ದದ್ದು ಸುಮಾರು ಎರಡು ವರ್ಷದ ಹಿಂದೆ ಸತ್ತುಹೋದವರ ಪಾಠ. ವಿಶ್ವವಿದ್ಯಾಲಯ ವಿವರಣೆ ಕೊಟ್ಟಿತು. ಕೋರ್ಸಿಗೆ ಬೇರೆ ಬೋಧಕರಿದ್ದಾರೆ, ಸಹಾಯಕರಿದ್ದಾರೆ, ಈ ರೆಕಾರ್ಡಿಂಗ್ ಬರೀ ಪಾಠದ ಸಾಮಗ್ರಿ, ಪಠ್ಯಪುಸ್ತಕ ಇದ್ದ ಹಾಗೆ ಅಂತ. ಒಪ್ಪೋಣ. ಪುಸ್ತಕ ಬರೆದವರು ಸತ್ತ ಮೇಲೂ ನಾವು ಪುಸ್ತಕ ಓದಲ್ವಾ? ಅದರಲ್ಲೇನು ತಪ್ಪು?

ಆದರೂ ಆ ಸುದ್ದಿ ಓದಿದ ದಿನ ನನಗೆ ಏನೋ ಕಸಿವಿಸಿ. ಯಾಕೆ ಅಂತ ಯೋಚನೆ ಮಾಡ್ತಾ ಹೋದೆ. ಹೋದಷ್ಟೂ ಅದು ಒಬ್ಬ ಹುಡುಗನ ಕಥೆಯಾಗಿ ಉಳಿಯಲಿಲ್ಲ. ಮೇಷ್ಟ್ರ ಮಾತನ್ನು ಹಿಡಿದಿಟ್ಟುಕೊಳ್ಳಬೇಕು ಅನ್ನೋ ಮನುಷ್ಯನ ಹಳೇ ಆಸೆಯ ಕಥೆಯಾಯಿತು. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಾ ಇದ್ದೀನಿ.

ಮೊದಲು ನಮ್ಮ ಮೈಸೂರಿಗೆ ಬನ್ನಿ. ಮಹಾರಾಜಾ ಕಾಲೇಜು. 1918ರಿಂದ 1921ರವರೆಗೆ ಅಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟವರು ಸರ್ವೇಪಲ್ಲಿ ರಾಧಾಕೃಷ್ಣನ್. ಅವರು ಕಲ್ಕತ್ತಾಕ್ಕೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ಹೆಗಲು ಕೊಟ್ಟು ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು ಅನ್ನೋ ಕಥೆ ನಮಗೆಲ್ಲ ಗೊತ್ತು. ಪ್ರತಿ ಸೆಪ್ಟೆಂಬರ್ 5ಕ್ಕೆ ನಾವು ಟಿವಿಯವರು ಅದನ್ನು ತಪ್ಪದೆ ಹೇಳ್ತೀವಿ. ಆದರೆ ಆ ಹುಡುಗರು ಗಾಡಿ ಎಳೆಯುವಷ್ಟು ಆ ಕ್ಲಾಸಿನಲ್ಲಿ ಏನಿತ್ತು? ದನಿ ಹೇಗಿತ್ತು? ಎಲ್ಲಿ ನಿಲ್ಲಿಸುತ್ತಿದ್ದರು, ಎಲ್ಲಿ ನಗಿಸುತ್ತಿದ್ದರು? ನಮಗೆ ಗೊತ್ತಾಗುವ ದಾರಿಯಿಲ್ಲ. ಕ್ಲಾಸ್‌ರೂಮಿಗೆ ಆಗ ರೆಕಾರ್ಡ್ ಮಾಡುವ ಯಂತ್ರ ಬಂದಿರಲಿಲ್ಲ. ಅದೇ ಕಾಲೇಜಿನ ಇನ್ನೊಬ್ಬ ದೊಡ್ಡ ಮೇಷ್ಟ್ರು ಪ್ರೊಫೆಸರ್ ಎಂ. ಹಿರಿಯಣ್ಣ. ಮೈಸೂರು ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಮಾಡಿದ ಪಾಠಗಳನ್ನೇ ಆಧಾರ ಮಾಡಿಕೊಂಡು 1932ರಲ್ಲಿ ಭಾರತೀಯ ತತ್ವಶಾಸ್ತ್ರದ ರೂಪರೇಖೆಯ ಪುಸ್ತಕ ತಂದರು. ಇವತ್ತಿಗೂ ಜಗತ್ತು ಓದುತ್ತಿದೆ. ಮೇಷ್ಟ್ರು ತಾವೇ ಕೂತು ಬರೆದರು, ಪಾಠ ಉಳಿಯಿತು.

ಬರೆಯದೇ ಹೋದವರ ಪಾಡೇನು? ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಫರ್ಡಿನಾಂಡ್ ಡಿ ಸಸ್ಯೂರ್ ಅಂತ ಒಬ್ಬ ಪ್ರೊಫೆಸರ್ ಇದ್ದರು. 1907ರಿಂದ 1911ರ ನಡುವೆ ಭಾಷಾಶಾಸ್ತ್ರದ ಮೇಲೆ ಮೂರು ಸಲ ಕೋರ್ಸ್ ನಡೆಸಿದರು, ಪುಸ್ತಕ ಮಾಡಲಿಲ್ಲ. 1913ರಲ್ಲಿ ಹೋಗಿಬಿಟ್ಟರು. ಆಮೇಲೆ ಇಬ್ಬರು ಸಹೋದ್ಯೋಗಿಗಳು ವಿದ್ಯಾರ್ಥಿಗಳ ನೋಟ್ ಪುಸ್ತಕಗಳನ್ನು ಒಟ್ಟು ಮಾಡಿ, ಅದರಿಂದ ಇದನ್ನು, ಇದರಿಂದ ಅದನ್ನು ಹೊಂದಿಸಿ 1916ರಲ್ಲಿ ಒಂದು ಪುಸ್ತಕ ಹೊರತಂದರು. ತಮಾಷೆ ಏನು ಗೊತ್ತಾ? ಆ ಇಬ್ಬರೂ ಆ ಕ್ಲಾಸಿನಲ್ಲಿ ಕೂತವರಲ್ಲ! ಆಧುನಿಕ ಭಾಷಾಶಾಸ್ತ್ರಕ್ಕೆ ಬುನಾದಿ ಹಾಕಿದ ಪುಸ್ತಕ ಅದು. ಮೇಷ್ಟ್ರು ನಿಜವಾಗಿ ಹೇಳಿದ್ದೇನು ಅಂತ ಪಂಡಿತರು ಇವತ್ತಿಗೂ ಜಗಳ ಆಡ್ತಿದ್ದಾರೆ. ಒಂದು ಟೇಪ್ ರೆಕಾರ್ಡರ್ ಇದ್ದಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಆ ಟೇಪ್ ರೆಕಾರ್ಡರ್ ಬಂತು. ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆ. 1961ರಿಂದ 1963, ಎರಡು ವರ್ಷ, ರಿಚರ್ಡ್ ಫೈನ್‌ಮನ್ ಮೊದಲ ಎರಡು ವರ್ಷದ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಟ್ಟರು. ಪ್ರತಿ ಪಾಠವೂ ಟೇಪ್ ಆಯಿತು. ಕಪ್ಪು ಹಲಗೆಯ ಮೇಲೆ ಬರೆದದ್ದೆಲ್ಲ ಫೋಟೋ ಆಯಿತು. ಟೇಪನ್ನು ಅಕ್ಷರಕ್ಕಿಳಿಸಿ, ತಿದ್ದಿ, ಮೂರು ಸಂಪುಟದ ಪುಸ್ತಕ ಮಾಡಿದರು. ಇವತ್ತು ಜಗತ್ತಿನಲ್ಲಿ ಭೌತಶಾಸ್ತ್ರ ಓದುವ ಯಾವ ಹುಡುಗನನ್ನು ಕೇಳಿ, ಆ ಹೆಸರು ಗೊತ್ತು. ಮರುವರ್ಷ, 1964ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ 7 ಉಪನ್ಯಾಸಗಳನ್ನು ಬಿಬಿಸಿ ಚಿತ್ರೀಕರಿಸಿತು. ಎಷ್ಟೋ ವರ್ಷದ ಮೇಲೆ ಬಿಲ್ ಗೇಟ್ಸ್ ಅವುಗಳ ಹಕ್ಕು ಕೊಂಡು, 2009ರಲ್ಲಿ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟರು. ಫೈನ್‌ಮನ್ ಸತ್ತಿದ್ದು 1988ರಲ್ಲಿ. ಗಾನ್ಯೋಂ ಅವರಂತೆಯೇ ಸತ್ತ ಮೇಲೂ ಪಾಠ ಮಾಡುತ್ತಿರುವ ಮೇಷ್ಟ್ರು.

ಆದರೆ ಸ್ವತಃ ಫೈನ್‌ಮನ್‌ಗೆ ಆ ಪ್ರಸಿದ್ಧ ಕೋರ್ಸಿನ ಬಗ್ಗೆ ಸಮಾಧಾನ ಇತ್ತಾ? ಇರಲಿಲ್ಲ. ಪುಸ್ತಕದ ಮುನ್ನುಡಿಯಲ್ಲೇ ಅವರು ಮನಸ್ಸು ಬಿಚ್ಚಿ ಬರೆದಿದ್ದಾರೆ. ಕೂತವರಿಗೆ ಎಷ್ಟು ಅರ್ಥವಾಗುತ್ತಿದೆ ಅಂತ ತಮಗೆ ತಿರುಗಿ ತಿಳಿಯುವ ದಾರಿಯೇ ಇರಲಿಲ್ಲ, ವಿದ್ಯಾರ್ಥಿಗಳ ದೃಷ್ಟಿಯಿಂದ ಇದು ಗೆದ್ದಿತು ಅಂತ ತಮಗನಿಸುತ್ತಿಲ್ಲ ಅನ್ನೋದು ಅವರ ಮಾತಿನ ಸಾರ. ಒಬ್ಬ ಮೇಷ್ಟ್ರು, ಒಬ್ಬ ವಿದ್ಯಾರ್ಥಿ, ನೇರ ಒಡನಾಟ, ಅದಿಲ್ಲದೆ ಒಳ್ಳೆಯ ಪಾಠ ಆಗಲ್ಲ ಅನ್ನೋ ತೀರ್ಮಾನಕ್ಕೆ ಅವರು ಬಂದಿದ್ದರು. ಗಮನಿಸಿ. ಇಡೀ ಜಗತ್ತು ಯಾವ ಪಾಠವನ್ನು ರೆಕಾರ್ಡ್ ಮಾಡಿ ತಲೆ ಮೇಲೆ ಹೊತ್ತುಕೊಂಡಿತೋ, ಅದರಲ್ಲೇ ಏನೋ ಕಡಿಮೆ ಇದೆ ಅಂತ ಪಾಠ ಮಾಡಿದ ಮನುಷ್ಯನಿಗೆ ಅನಿಸಿತ್ತು.

ಇದು ನನಗೆ ಚೆನ್ನಾಗಿ ಅರ್ಥವಾಗುತ್ತೆ. ಯಾಕೆಂದರೆ ನನ್ನ ಕಸುಬೂ ಅದೇ. ದಿನಾ ರಾತ್ರಿ ಕೂತು ಒಂದು ಗಾಜಿನ ಗುಂಡಿಗೆ ಮಾತಾಡ್ತೀನಿ. ಮೇಲೆ ಕೆಂಪು ದೀಪ ಹತ್ತುತ್ತೆ, ನಾನು ಶುರು ಮಾಡ್ತೀನಿ. ನೀವು ತಲೆ ಆಡಿಸಿದಿರಾ, ಆಕಳಿಸಿದಿರಾ, ಬೈದು ಚಾನೆಲ್ ಬದಲಾಯಿಸಿದಿರಾ, ಒಂದೂ ನನಗೆ ಕಾಣಲ್ಲ. ಲೆನ್ಸ್ ಯಾವತ್ತೂ ಹುಬ್ಬು ಗಂಟಿಕ್ಕಲ್ಲ. ಪಿಯುಸಿಯಲ್ಲಿ ನಮಗೊಬ್ಬರು ಗಣಿತದ ಮೇಷ್ಟ್ರಿದ್ದರು. ಬೋರ್ಡಿನ ಮೇಲೆ ಲೆಕ್ಕ ಅರ್ಧ ಮಾಡಿ, ತಿರುಗಿ, ಹಿಂದಿನ ಬೆಂಚು ನೋಡೋರು. ಏನೂ ಕೇಳ್ತಿರಲಿಲ್ಲ. ಸುಮ್ಮನೆ ನಮ್ಮ ಮುಖ ನೋಡಿ, ಡಸ್ಟರ್ ತಗೊಂಡು ಪೂರ್ತಿ ಅಳಿಸಿ, ಮೊದಲಿಂದ ಶುರು ಮಾಡೋರು. ಆ ಅಳಿಸೋದೇ ಪಾಠ ಕಣ್ರೀ. ಅದನ್ನು ಯಾವ ಕ್ಯಾಮೆರಾ ಮಾಡುತ್ತೆ?

ಈಗ ನಮ್ಮ ದೇಶಕ್ಕೆ, ನಮ್ಮ ರಾಜ್ಯಕ್ಕೇ ಬರೋಣ. ಇತಿಹಾಸ ಇಲ್ಲೂ ದೊಡ್ಡದಿದೆ, ನಾವು ಮರೆತಿದ್ದೀವಿ ಅಷ್ಟೆ. 1975ರ ಆಗಸ್ಟ್ 1. ದೇಶದಲ್ಲಿ ತುರ್ತು ಪರಿಸ್ಥಿತಿ. ಬೆಂಗಳೂರಿನಲ್ಲೇ ಇನ್ನೂ ಟಿವಿ ಕೇಂದ್ರ ಇಲ್ಲ. ಆದರೆ ಅವತ್ತು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಟಿವಿ ಹತ್ತಿಕೊಂಡಿತು! ಅದರ ಹೆಸರು ಸೈಟ್, ಉಪಗ್ರಹದ ಮೂಲಕ ಬೋಧನೆಯ ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಕಡ ಕೊಟ್ಟಿತ್ತು. ನೆಲದ ಮೇಲಿನ ಕೆಲಸವೆಲ್ಲ ನಮ್ಮ ಇಸ್ರೋದು, ಮುಂದೆ ನಿಂತವರು ಅಹಮದಾಬಾದಿನ ಯಶ್‌ಪಾಲ್. ಕರ್ನಾಟಕವೂ ಸೇರಿ 6 ರಾಜ್ಯ, ಸುಮಾರು 2,400 ಹಳ್ಳಿ. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ 10 ಅಡಿ ಅಗಲದ ಆಂಟೆನಾ ಮಾಡಿದ್ದರು. ಬೆಳಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ. ಬೆಳಗಿನ ಹೊತ್ತು ಒಂದೂವರೆ ಗಂಟೆಯನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕೂ ಭಾಷೆ ಹಂಚಿಕೊಳ್ಳಬೇಕು. ಒಂದೊಂದು ಭಾಷೆಗೆ 22 ನಿಮಿಷ ಚಿಲ್ಲರೆ.

ಆ 22 ನಿಮಿಷ ನೆನೆಸಿಕೊಳ್ಳಿ. ಯಾದಗಿರಿ ಕಡೆಯ ಒಂದು ಹಳ್ಳಿ, ಶಾಲೆಯ ಪಡಸಾಲೆ, ಮಕ್ಕಳು ನೆಲದ ಮೇಲೆ. ಕನ್ನಡದಲ್ಲಿ ಮಾತಾಡುವ ಪೆಟ್ಟಿಗೆ. ಅವತ್ತು ಕರೆಂಟ್ ಹೋದರೆ? ಹೋಯಿತು. ಮಗು ಹೊಲಕ್ಕೆ ಹೋಗಿದ್ದರೆ? ಹೋಯಿತು. ಇನ್ನೊಂದು ಸಲ ತೋರಿಸು ಅನ್ನೋ ಹಾಗಿಲ್ಲ. ಆದರೆ ಆ ಪ್ರಯೋಗ ಮಾಡಿದವರು ಒಂದು ಬುದ್ಧಿವಂತಿಕೆ ಮಾಡಿದರು. ಮಕ್ಕಳಿಗೆ ಮಾತ್ರ ತೋರಿಸಿ ಸುಮ್ಮನಾಗಲಿಲ್ಲ. ರಜೆಯಲ್ಲಿ ಅದೇ ಉಪಗ್ರಹದಿಂದ ಸುಮಾರು 50,000 ಪ್ರಾಥಮಿಕ ಶಾಲಾ ಮೇಷ್ಟ್ರುಗಳಿಗೆ ವಿಜ್ಞಾನ ಹೇಳಿಕೊಡುವ ತರಬೇತಿ ನಡೆಸಿದರು. ಪೆಟ್ಟಿಗೆ ಪಾಠ ಮಾಡಬಹುದು, ಪೆಟ್ಟಿಗೆ ಆರಿದ ಮೇಲೆ ಮಗುವಿನ ಪ್ರಶ್ನೆಗೆ ಉತ್ತರ ಕೊಡೋದು ಪಕ್ಕದಲ್ಲಿರುವ ಮೇಷ್ಟ್ರು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಇಲ್ಲಿಗೇ ಬರ್ತೀನಿ.

1976ರ ಜುಲೈ 31ಕ್ಕೆ ವರ್ಷ ಮುಗಿಯಿತು. ಕಡ ಕೊಟ್ಟವರು ಉಪಗ್ರಹ ವಾಪಸ್ ತಗೊಂಡರು. ಟಿವಿ ಇತ್ತು, ಆಂಟೆನಾ ಇತ್ತು, ಆಕಾಶ ಖಾಲಿ. ಕಲಬುರಗಿಗೆ ಆಮೇಲೆ ನೆಲದ ಪ್ರಸಾರ ಕೇಂದ್ರ ಬಂತು. ಆದರೂ ಇನ್ನೊಬ್ಬರ ಯಂತ್ರದ ಮೇಲೆ ನಿಂತ ಶಾಲೆ ಎಷ್ಟು ದಿನ ಅನ್ನೋದು ಅವತ್ತೇ ಗೊತ್ತಾಗಿತ್ತು.

ಮುಂದಿನದ್ದು ಬೇಗ ಹೇಳಿಬಿಡ್ತೀನಿ. 1984ರ ಆಗಸ್ಟ್ 15ರಂದು ಯುಜಿಸಿ ದೂರದರ್ಶನದಲ್ಲಿ ಕಾಲೇಜು ಹುಡುಗರಿಗೆ ಕಂಟ್ರಿವೈಡ್ ಕ್ಲಾಸ್‌ರೂಮ್ ಶುರು ಮಾಡಿತು. ನನ್ನ ವಯಸ್ಸಿನವರಿಗೆ ನೆನಪಿರುತ್ತೆ, ಮಧ್ಯಾಹ್ನದ ಹೊತ್ತು, ಇಂಗ್ಲಿಷಿನಲ್ಲಿ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು. ಶಿಕ್ಷಣಕ್ಕೆ ಅಂತಲೇ ಭಾರತ ಕಟ್ಟಿದ ಉಪಗ್ರಹ. ಅದರ ಮೊದಲ ಪ್ರಯೋಗ ನಡೆದ ಜಾಗಗಳಲ್ಲಿ ನಮ್ಮ ವಿಟಿಯು ಇತ್ತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಡಿಶ್ ಬಂತು. ಆ ಉಪಗ್ರಹದ ಜಾಲದಲ್ಲಿ ಎರಡು ಬಗೆಯ ಯಂತ್ರ. ಒಂದು, ಬಂದದ್ದನ್ನು ತೋರಿಸುವಂಥದ್ದು ಮಾತ್ರ. ಇನ್ನೊಂದು, ಈ ಕಡೆಯಿಂದ ತಿರುಗಿ ಪ್ರಶ್ನೆ ಕೇಳಬಹುದಾದದ್ದು. ಎರಡನೆಯದು ದುಬಾರಿ. ಬರೀ ಕೇಳಿಸಿಕೋ ಅನ್ನೋ ಯಂತ್ರ ಯಾವತ್ತೂ ಅಗ್ಗ, ಪ್ರಶ್ನೆ ಕೇಳು ಅನ್ನೋ ಯಂತ್ರಕ್ಕೆ ಯಾವತ್ತೂ ದುಡ್ಡು ಜಾಸ್ತಿ. ಎಜುಸ್ಯಾಟ್ 2010ರಲ್ಲಿ ಕೆಲಸ ಮುಗಿಸಿತು.

ಇಲ್ಲಿಯವರೆಗಿನದ್ದು ಪ್ರಸಾರದ ಯುಗ. ಗಂಟೆ ಹೊಡೆದಾಗ ಕೂತರೆ ಉಂಟು, ಇಲ್ಲದಿದ್ದರೆ ಇಲ್ಲ. ಡಿಜಿಟಲ್ ರೆಕಾರ್ಡಿಂಗ್ ಬಂದ ಮೇಲೆ ಏನಾಯಿತು? 2001ರ ಏಪ್ರಿಲ್‌ನಲ್ಲಿ ಅಮೆರಿಕದ ಎಂಐಟಿ, ನಮ್ಮ ಕೋರ್ಸುಗಳ ಸಾಮಗ್ರಿಯನ್ನೆಲ್ಲ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇಡ್ತೀವಿ ಅಂತ ಘೋಷಿಸಿತು. ಲಕ್ಷಾಂತರ ರೂಪಾಯಿ ಫೀಸಿನ ಕಾಲೇಜಿನ ಪಾಠ ಬಿಟ್ಟಿ! ನಮ್ಮಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಎನ್‌ಪಿಟೆಲ್ ಕೆಲಸ ಶುರು ಮಾಡಿದವು. ಟಾಟಾ ಇನ್‌ಸ್ಟಿಟ್ಯೂಟ್ ಗೇಟಿನ ಒಳಗೆ ಕಾಲಿಡಲಾಗದ ಹುಡುಗ ಅದರ ಪ್ರೊಫೆಸರ್ ಪಾಠವನ್ನು ಹಾಸ್ಟೆಲ್ ಮಂಚದ ಮೇಲೆ ಕೂತು ಕೇಳುವ ಹಾಗಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಈ ತಂತ್ರಜ್ಞಾನದ ನಿಜವಾದ ಪವಾಡ ಉಪಗ್ರಹವೂ ಅಲ್ಲ, ಇಂಟರ್‌ನೆಟ್ಟೂ ಅಲ್ಲ. ಹಿಂದಕ್ಕೆ ತಿರುಗಿಸುವ ಒಂದು ಬಟನ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಸೈನ್ಸ್ ಸೇರಿದ ಹುಡುಗಿಯನ್ನು ನೆನೆಸಿಕೊಳ್ಳಿ. ಕ್ಲಾಸಿನಲ್ಲಿ ಎಲ್ಲ ಇಂಗ್ಲಿಷ್. ದ್ಯುತಿಸಂಶ್ಲೇಷಣೆ ಅಂದರೆ ಅವಳಿಗೆ ಅಂಗೈಯಲ್ಲಿ ನೆಲ್ಲಿಕಾಯಿ, ಫೋಟೋಸಿಂಥೆಸಿಸ್ ಅಂದರೆ ತಬ್ಬಿಬ್ಬು. ಸರ್, ಇನ್ನೊಂದ್ಸಲ ಹೇಳಿ ಅಂತ ಕೈ ಎತ್ತಿ ನಿಂತರೆ ಮುಂದಿನ ಬೆಂಚಿನವರು ತಿರುಗಿ ನೋಡ್ತಾರೆ. ಆ ನೋಟ ಇದೆಯಲ್ಲ, ಅದು ನಮ್ಮ ಎಷ್ಟು ಹಳ್ಳಿ ಮಕ್ಕಳನ್ನು ಸೈನ್ಸ್ ಬಿಡಿಸಿ ಮನೆಗೆ ಕಳಿಸಿದೆಯೋ! ರೆಕಾರ್ಡಿಂಗ್‌ಗೆ ಆ ನೋಟ ಇಲ್ಲ. ಹತ್ತು ಸಲ ಹಿಂದಕ್ಕೆ ತಿರುಗಿಸಿ, ಹತ್ತನೇ ಸಲವೂ ಅದೇ ತಾಳ್ಮೆ. ನಿನಗೆ ಇಷ್ಟೂ ಗೊತ್ತಿಲ್ವಾ ಅನ್ನಲ್ಲ. ಯಾವ ಊರು, ಯಾವ ಜಾತಿ, ಯಾರ ಮಗಳು ಅಂತ ಕೇಳಲ್ಲ.

ಏಕಲವ್ಯನಿಗೆ ದ್ರೋಣರ ಕ್ಲಾಸಿನಲ್ಲಿ ಸೀಟು ಸಿಗಲಿಲ್ಲ. ಮಣ್ಣಿನ ಗೊಂಬೆ ಮಾಡಿಕೊಂಡು ಕಲಿತ. ನಮ್ಮ ಕಾಲದ ಏಕಲವ್ಯನಿಗೆ ಗೊಂಬೆ ಮಾತಾಡುತ್ತೆ, ಬಿಲ್ಲು ಹಿಡಿಯೋದನ್ನು ತೋರಿಸುತ್ತೆ. ಹಾಗಾಗಿ ರೆಕಾರ್ಡಿಂಗ್ ಬೇಡ, ಹಳೇ ಕಾಲವೇ ಚೆನ್ನಾಗಿತ್ತು ಅನ್ನೋರ ಗುಂಪಿಗೆ ನಾನು ಸೇರಲ್ಲ. ಹಳೇ ಕಾಲ ಚೆನ್ನಾಗಿದ್ದದ್ದು ಸೀಟು ಸಿಕ್ಕವರಿಗೆ.

ಆದರೆ ಗೊಂಬೆ ಯಾರದ್ದು? ಎತ್ತಿಟ್ಟುಕೊಂಡು ಹೋಗುವ ಅಧಿಕಾರ ಯಾರಿಗಿದೆ?

ಎಂಐಟಿಯಲ್ಲಿ ವಾಲ್ಟರ್ ಲ್ಯೂಯಿನ್ ಅಂತ ಭೌತಶಾಸ್ತ್ರದ ಪ್ರೊಫೆಸರ್. ಪ್ರಯೋಗ ಮಾಡಿ ತೋರಿಸುತ್ತಾ ಮಾಡಿದ ಅವರ ಪಾಠಗಳ ವಿಡಿಯೋ ಜಗತ್ತಿನಾದ್ಯಂತ ಲಕ್ಷಾಂತರ ಜನ ನೋಡಿದರು. 2014ರ ಡಿಸೆಂಬರ್‌ನಲ್ಲಿ, ಅವರು ಆನ್‌ಲೈನ್ ವಿದ್ಯಾರ್ಥಿನಿಯೊಬ್ಬರ ಜೊತೆ ನಡೆದುಕೊಂಡ ರೀತಿ ಲೈಂಗಿಕ ಕಿರುಕುಳದ ನಿಯಮದ ಉಲ್ಲಂಘನೆ ಅಂತ ಎಂಐಟಿ ತನಿಖೆ ಮಾಡಿ ತೀರ್ಮಾನಿಸಿತು. ಎಮೆರಿಟಸ್ ಪ್ರೊಫೆಸರ್ ಅನ್ನೋ ಗೌರವ ಸ್ಥಾನ ಹಿಂದಕ್ಕೆ ಪಡೆಯಿತು. ತನ್ನ ತಾಣಗಳಿಂದ ಅವರ ಪಾಠಗಳನ್ನೂ ತೆಗೆದುಹಾಕಿತು. ದೂರು ಕೊಟ್ಟ ಹೆಣ್ಣುಮಗಳ ಪರ ನಿಂತದ್ದು ಸರಿ. ಅದೇ ಹೊತ್ತಿಗೆ ಇನ್ನೊಂದೂ ನಿಜ, ಅರ್ಧ ಕೋರ್ಸ್ ಕೇಳಿದ್ದ ಮಕ್ಕಳ ಮುಂದೆ ಒಂದು ಬೆಳಗ್ಗೆ ಪಾಠ ಇರಲಿಲ್ಲ.

ಇದಕ್ಕಿಂತ ದೊಡ್ಡ ಕಥೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ್ದು. ಅದು ಸರ್ಕಾರಿ ವಿಶ್ವವಿದ್ಯಾಲಯ. ವರ್ಷಗಟ್ಟಲೆ ತನ್ನ ಕ್ಲಾಸುಗಳನ್ನು ರೆಕಾರ್ಡ್ ಮಾಡಿ ಹೊರಜಗತ್ತಿಗೆ ಬಿಟ್ಟಿತ್ತು. 2007ರಲ್ಲಿ ಪೂರ್ತಿ ಕೋರ್ಸುಗಳನ್ನೇ ಯೂಟ್ಯೂಬಿಗೆ ಹಾಕಿ ಹೆಸರು ಮಾಡಿತು. ಹೀಗಿರುವಾಗ ವಾಷಿಂಗ್ಟನ್‌ನ ಗ್ಯಾಲೊಡೆಟ್ ವಿಶ್ವವಿದ್ಯಾಲಯದ, ಅಂದರೆ ಕಿವಿ ಕೇಳದವರಿಗಾಗಿಯೇ ಇರುವ ವಿಶ್ವವಿದ್ಯಾಲಯದ, ಇಬ್ಬರು ಉದ್ಯೋಗಿಗಳು ದೂರು ಕೊಟ್ಟರು. ಎಲ್ಲರಿಗೂ ಅಂತ ಹೇಳಿ ಹಾಕಿದ್ದೀರಿ, ನಮಗೆ ಕೇಳಿಸಲ್ಲ, ಪರದೆಯ ಕೆಳಗೆ ಅಕ್ಷರ ಹಾಕಿ ಅಂತ. ನ್ಯಾಯವಾದ ಬೇಡಿಕೆ. 2016ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ, ಅಂಗವಿಕಲರ ಹಕ್ಕಿನ ಕಾನೂನು ಇಲ್ಲಿ ಪಾಲನೆಯಾಗಿಲ್ಲ ಅಂದಿತು. ವಿಶ್ವವಿದ್ಯಾಲಯ ಏನು ಮಾಡಬೇಕಿತ್ತು? ಅಕ್ಷರ ಹಾಕಬೇಕಿತ್ತು. ಅದಕ್ಕೆ ತುಂಬಾ ಖರ್ಚಾಗುತ್ತೆ ಅಂತ ಲೆಕ್ಕ ಹಾಕಿತು. 2017ರ ಮಾರ್ಚ್‌ನಲ್ಲಿ 20,000ಕ್ಕೂ ಹೆಚ್ಚು ರೆಕಾರ್ಡಿಂಗ್‌ಗಳನ್ನು ಸಾರ್ವಜನಿಕರಿಂದ ವಾಪಸ್ ತಗೊಂಡುಬಿಟ್ಟಿತು!

ಯೋಚಿಸಿ. ಊರ ಬಾವಿಗೆ ಮೆಟ್ಟಿಲಿಲ್ಲ, ನಮಗೂ ನೀರು ಸಿಗಲಿ, ಮೆಟ್ಟಿಲು ಕಟ್ಟಿಸಿ ಅಂತ ಇಬ್ಬರು ಕೇಳಿದರು. ಊರವರು ಬಾವಿಯನ್ನೇ ಮುಚ್ಚಿದರು. ಈಗ ಎಲ್ಲರೂ ಸಮಾನರು, ಯಾರಿಗೂ ನೀರಿಲ್ಲ! ಆಮೇಲೆ ಕೆಲವರು ದೂರು ಕೊಟ್ಟವರನ್ನೇ ಬೈದರು. ಅವರಿಂದಲೇ ಹೋಯಿತು ಅಂತ. ಅಲ್ಲ ಸ್ವಾಮಿ, ಅವರು ಕೇಳಿದ್ದು ಬಾಗಿಲು ತೆಗೆಯೋಕೆ. ಮುಚ್ಚಿದವರು ಬೇರೆ. 2022ರ ಕೊನೆಯಲ್ಲಿ ನ್ಯಾಯ ಇಲಾಖೆಯ ಜೊತೆ ಒಪ್ಪಂದವಾಗಿ, ಆನ್‌ಲೈನ್ ಪಾಠಗಳನ್ನು ಎಲ್ಲರಿಗೂ ಎಟುಕುವ ಹಾಗೆ ಮಾಡಲು ಬರ್ಕ್ಲಿ ಒಪ್ಪಿಕೊಂಡಿತು. ಆರು ವರ್ಷ ಬೇಕಾಯಿತು.

ಇದು ಅಮೆರಿಕದ ಮಾತು ಅಂತ ನಾವು ಕೈ ತೊಳೆದುಕೊಳ್ಳೋ ಹಾಗಿಲ್ಲ. 2020 ನೆನಪು ಮಾಡಿಕೊಳ್ಳಿ. ಶಾಲೆಗೆ ಬೀಗ. ಜುಲೈನಲ್ಲಿ ನಮ್ಮ ಸರ್ಕಾರ ದೂರದರ್ಶನ ಚಂದನದಲ್ಲಿ ಸಂವೇದ ಅನ್ನೋ ಹೆಸರಿನಲ್ಲಿ ರೆಕಾರ್ಡ್ ಮಾಡಿದ ಪಾಠ ಶುರು ಮಾಡಿತು. ಮೊದಲು 8, 9, 10ನೇ ಕ್ಲಾಸಿಗೆ. ಮೇಷ್ಟ್ರುಗಳೇ ಬಂದು ಕ್ಯಾಮೆರಾ ಮುಂದೆ ನಿಂತರು. ಮೊದಲ ಸಲ ಆ ಕೆಂಪು ದೀಪ ನೋಡಿದವರ ಮುಖದ ಬೆವರು ನನಗೆ ಪರದೆಯ ಮೇಲೆ ಕಾಣುತ್ತಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದವರು ಅಲ್ಲಿ ತಡವರಿಸುತ್ತಿದ್ದರು. ಎದುರಿಗೆ ಮುಖಗಳಿಲ್ಲ ನೋಡಿ! ಆದರೂ ಒಳ್ಳೆಯ ಕೆಲಸ. ಇಂಟರ್‌ನೆಟ್ ಇಲ್ಲದ ಮನೆಗೂ ಪಾಠ ಹೋಯಿತು.

ಅದರ ಬೆನ್ನಲ್ಲೇ ಆಗಸ್ಟ್‌ನಲ್ಲಿ ಇನ್ನೊಂದು ಶುರುವಾಯಿತು, ವಿದ್ಯಾಗಮ. ಮೇಷ್ಟ್ರು ಊರಿಗೇ ಹೋಗೋದು. ಗುಡಿಯ ಕಟ್ಟೆ, ಅರಳಿ ಮರ, ಸಮುದಾಯ ಭವನ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಕ್ಕಳನ್ನು ಕೂರಿಸಿ ಟಿವಿಯಲ್ಲಿ ಬಂದದ್ದರಲ್ಲಿ ಏನು ತಿಳಿಯಲಿಲ್ಲ ಅಂತ ಕೇಳೋದು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಆ ಚರ್ಚೆ ಬೇರೆ. ಆದರೆ ಪಾಠ ಟಿವಿಯಲ್ಲಿ, ಪ್ರಶ್ನೆ ಮರದ ಕೆಳಗೆ. 1975ರ ಹಳ್ಳಿ ಶಾಲೆಯಲ್ಲಿ ಇದ್ದದ್ದೂ ಇದೇ ಜೋಡಿ ಅಲ್ವಾ? ಪೆಟ್ಟಿಗೆ ಮತ್ತು ಪಕ್ಕದಲ್ಲಿ ಮೇಷ್ಟ್ರು. 45 ವರ್ಷ, ಉಪಗ್ರಹ ಬದಲಾಯಿತು, ಟೇಪ್ ಹೋಗಿ ಡಿಜಿಟಲ್ ಬಂತು. ಆ ಜೋಡಿ ಬದಲಾಗಲಿಲ್ಲ.

ಇಷ್ಟೆಲ್ಲ ಇತಿಹಾಸ ಯಾಕೆ ಹೇಳಿದೆ ಅಂದರೆ, ಈಗ ಒಂದು ಮಾತು ಮೆತ್ತಗೆ ಕೇಳಿಬರ್ತಿದೆ. ಕ್ಲಾಸುಗಳನ್ನೆಲ್ಲ ಒಂದು ಸಲ ಚೆನ್ನಾಗಿ ರೆಕಾರ್ಡ್ ಮಾಡಿಬಿಟ್ಟರೆ, ವರ್ಷಾ ವರ್ಷ ಇಷ್ಟೊಂದು ಮೇಷ್ಟ್ರು ಯಾಕೆ ಬೇಕು? ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೀತಿರೋದೇ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಸೆಮಿಸ್ಟರ್ ಮುಗಿದರೆ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದ ಜನ. ಎಷ್ಟೋ ಸಲ ಬೀದಿಗೆ ಬಂದು ಧರಣಿ ಕೂತಿದ್ದಾರೆ. ನಾವೇ ತೋರಿಸಿದ್ದೀವಿ. ನಾಳೆ ಅವರಲ್ಲೊಬ್ಬರಿಗೆ, ಕ್ಯಾಮೆರಾ ಮುಂದೆ ನಿಂತು ನಿಮ್ಮ ಪಾಠ ಒಪ್ಪಿಸಿ ಅಂತ ಹೇಳಿ, ನಾಡಿದ್ದು ಅದೇ ವಿಡಿಯೋ ಹಾಕಿ, ಆಚೆ ನಾಡಿದ್ದು ನೀವು ಬೇಡ ಅಂದರೆ? ತನ್ನ ದನಿಯೇ ತನ್ನ ಕೆಲಸ ತಿಂದ ಹಾಗೆ. ಏಕಲವ್ಯನ ಕಥೆಯಲ್ಲಿ ಹೆಬ್ಬೆರಳು ಹೋದದ್ದು ಶಿಷ್ಯನದ್ದು. ಈ ಕಥೆಯಲ್ಲಿ ಹೋಗೋದು ಗುರುವಿನದ್ದು.

ಹಾಗಾದರೆ ಏನು ಮಾಡಬೇಕು? ನನ್ನ ಮಾತು ಇಷ್ಟೇ. ರೆಕಾರ್ಡ್ ಮಾಡಿ. ಖಂಡಿತ ಮಾಡಿ. ಜ್ವರ ಬಂದು ಮಲಗಿದವಳಿಗೆ, ಕೂಲಿಗೆ ಹೋಗಿ ಸಂಜೆ ಓದುವವನಿಗೆ, ಹತ್ತು ಸಲ ಕೇಳಿದರೆ ಮಾತ್ರ ತಿಳಿಯುವ ನನ್ನಂಥ ದಡ್ಡನಿಗೆ ಅದು ಬೇಕು. ಕೆಳಗೆ ಕನ್ನಡದ ಅಕ್ಷರ ಹಾಕಿ, ಕಿವಿ ಕೇಳದವರಿಗೂ ಆಗುತ್ತೆ, ಇಂಗ್ಲಿಷ್ ಬಾರದವರಿಗೂ ಆಗುತ್ತೆ. ಪಾಠ ಮಾಡಿದವರ ಹೆಸರು, ಯಾವ ವರ್ಷದ್ದು ಅನ್ನೋದು ಪರದೆಯ ಮೇಲೆ ಇರಲಿ. ಎಷ್ಟು ವರ್ಷ ಬಳಸ್ತೀವಿ, ಅವರಿಗೆ ಏನು ಕೊಡ್ತೀವಿ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿ. ಆಮೇಲೆ ಉಳಿದ ಹಣವನ್ನು ಕ್ಯಾಮೆರಾಕ್ಕಲ್ಲ, ವಿಡಿಯೋ ಮುಗಿದ ಮೇಲೆ ಕೈ ಎತ್ತುವ ಮಗುವಿನ ಮುಂದೆ ಇರಬೇಕಾದ ಮನುಷ್ಯನಿಗೆ ಕೊಡಿ. ಸೈಟ್ ಪ್ರಯೋಗದಲ್ಲಿ ಕಡ ತಂದ ಉಪಗ್ರಹ ಇದ್ದಾಗಲೇ ನಮ್ಮ ಹಿರಿಯರಿಗೆ ಈ ಬುದ್ಧಿ ಇತ್ತು. ಸ್ವಂತ ಉಪಗ್ರಹ ಹಾರಿಸಿದ ಮೇಲೆ ನಮಗೆ ಕಡಿಮೆಯಾಗಬಾರದು.

ಮಾಂಟ್ರಿಯಲ್‌ನ ಆ ವಿದ್ಯಾರ್ಥಿಯ ಸುದ್ದಿ ಓದಿ ನನಗೆ ಕಸಿವಿಸಿಯಾದದ್ದು ಯಾಕೆ ಅಂತ ಈಗ ಗೊತ್ತಾಗಿದೆ. ಸತ್ತವರು ಮಾತಾಡಿದ್ದಕ್ಕಲ್ಲ. ಅದು ಭಾಗ್ಯ. ರಾಧಾಕೃಷ್ಣನ್ ಅವರ ಮೈಸೂರಿನ ಒಂದು ಪಾಠ ಹಾಗೆ ಸಿಕ್ಕಿದ್ದರೆ ನಾನು ಎಲ್ಲ ಕೆಲಸ ಬಿಟ್ಟು ಕೂತು ಕೇಳ್ತಿದ್ದೆ. ಆ ಹುಡುಗ ಮೇಲ್ ಬರೆಯೋಕೆ ಹೊರಟಿದ್ದ ನೋಡಿ, ಅದಕ್ಕೆ. ಪಾಠ ಅವನಿಗೆ ತಲುಪಿತ್ತು, ಅವನಿಗೆ ಏನೋ ಹೇಳಬೇಕು ಅನಿಸಿತ್ತು. ಒಬ್ಬ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಸಂಬಳ ಯಾವುದಿದೆ? ಅದನ್ನು ತಗೊಳ್ಳೋಕೆ ಆ ಕಡೆ ಯಾರೂ ಇರಲಿಲ್ಲ.

ನಿಮ್ಮ ಮನೆ ಮಗು ಇವತ್ತು ರಾತ್ರಿ ಮೊಬೈಲ್‌ನಲ್ಲಿ ಯಾವುದೋ ಪಾಠ ನೋಡ್ತಾ ಕೂತಿರಬಹುದು. ವಿಡಿಯೋ ಮುಗಿದ ಮೇಲೆ ಪಕ್ಕ ಹೋಗಿ ಕೂತು, ಏನು ತಿಳಿಯಲಿಲ್ಲ ಅಂತ ಒಂದು ಮಾತು ಕೇಳಿ. ಉತ್ತರ ನಿಮಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ನಾಳೆ ಬೆಳಗ್ಗೆ ಮಗುವಿನ ಜೊತೆ ಶಾಲೆಗೆ ಹೋಗಿ, ಗೊತ್ತಿರುವ ಮೇಷ್ಟ್ರು ಅಲ್ಲಿ ಇದ್ದಾರಾ ನೋಡಿಕೊಂಡು ಬನ್ನಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. ಆ ಪ್ರಶ್ನೆ ಕೇಳೋಕೆ ಯಾವ ಯಂತ್ರವೂ ಬೇಕಾಗಿಲ್ಲ.